ಸುಮ್ಮನೆ ಮಲಗುವವಳು

"ಉಸಿರು ಪೂರ್ತಿ ಬಿಡು. ಈಗ ಹಾಗೇ ನಿಲ್ಲಿಸು," ಎಂದಿತು ಕಿವಿಯ ಮೇಲಿನ ಹೆಡ್‌ಫೋನಿನ ದನಿ.

ವೆಲ್ಡಾ ನಿಲ್ಲಿಸಿದಳು. ಕೂಡಲೇ ಸುತ್ತಲಿನ ಕೊಳವೆ ಕಿರುಚತೊಡಗಿತು. ಗರಗಸಕ್ಕೆ ಮರದ ಗಂಟು ಸಿಕ್ಕಿದಾಗ ಬರುವಂಥ ಸದ್ದು ಅದು, ನಡುವೆ ನಿಂತು ಮತ್ತೆ ಬೇರೆ ಸ್ವರದಲ್ಲಿ ಶುರುವಾಗುತ್ತಿತ್ತು. ಎದೆಯ ಮೇಲೆ ಆಮೆಯ ಚಿಪ್ಪಿನಂಥ ಹಲಗೆಯೊಂದನ್ನು ಕಟ್ಟಿದ್ದರು. ಅದರಡಿಯಲ್ಲಿ ಚರ್ಮಕ್ಕೆ ಅಂಟಿಸಿದ ತಂತಿಗಳು ಕಚಗುಳಿಯಿಡುತ್ತಿದ್ದವು. ಅಲುಗಾಡಿದರೆ ಹೃದಯದ ಚಿತ್ರ ಕೆಡುತ್ತದೆ, ಮೊದಲಿನಿಂದ ಮಾಡಬೇಕಾಗುತ್ತದೆ ಎಂದು ಒಳಗೆ ತಳ್ಳುವ ಮುಂಚೆಯೇ ಎಚ್ಚರಿಸಿದ್ದರು. ಅವಳಿಗೆ ಅದನ್ನು ಹೇಳಬೇಕಾಗಿರಲಿಲ್ಲ. ಅಲುಗಾಡದೆ ಮಲಗುವುದು ಚಿಕ್ಕಂದಿನಿಂದ ಬಂದ ಅಭ್ಯಾಸ.

ಹೊರಗೆ ಎಳೆದಾಗ ಯಂತ್ರ ನೋಡಿಕೊಳ್ಳುವ ಲಿಯು ಎಂಬ ದಪ್ಪ ಮನುಷ್ಯ ಬೆಲ್ಟು ಬಿಚ್ಚುತ್ತಾ, ಬೆಳಗಿನಿಂದ ಒಂದು ಸಲವೂ ಕೆಡಿಸದೆ ಮುಗಿಸಿದವಳು ನೀನೊಬ್ಬಳೇ ಎಂದ. ಅವಳು ಅಂಗಿ ಸರಿಮಾಡಿಕೊಂಡು ಕಾರಿಡಾರಿಗೆ ಬಂದಳು.

ಅಲ್ಲಿ ಬೆಂಚಿನ ಮೇಲೆ ಅಮ್ಮ ಮಾರ್ಸೆಲಾ ಬುತ್ತಿಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಮ್ಮ ಜೋನಿಸ್ ನೆಲದ ಮೇಲೆ ಕಾಲು ಚಾಚಿ ಗೋಡೆಗೊರಗಿದ್ದ. ಬೆಟ್ಟದ ಮೇಲಿನ ತಮ್ಮೂರು ಕುಂಡಸಾಂಗಿನಿಂದ ಕತ್ತಲಿರುವಾಗಲೇ ಹೊರಟ ವ್ಯಾನಿನಲ್ಲಿ, ಕೋಸು ತುಂಬಿದ ಲಾರಿಗಳ ಹಿಂದೆ ಬೆಟ್ಟವಿಳಿದು ಬಂದಿದ್ದರು. ಅಕ್ಕ ತಮ್ಮ ಇಬ್ಬರಿಗೂ ಹುಟ್ಟಿನಿಂದ ಥಲಸೀಮಿಯಾ, ಮೈ ತಾನಾಗಿ ಸಾಕಷ್ಟು ರಕ್ತ ಮಾಡಿಕೊಳ್ಳದ ಕಾಯಿಲೆ. ತಿಂಗಳಿಗೊಮ್ಮೆ ರಕ್ತ ಹಾಕಿಸಬೇಕು. ಹಾಕಿಸಿಕೊಂಡ ರಕ್ತದಲ್ಲಿನ ಕಬ್ಬಿಣ ಮೈಬಿಟ್ಟು ಹೋಗುವುದಿಲ್ಲ, ಮೊದಲು ಯಕೃತ್ತಿನಲ್ಲಿ ಕೂರುತ್ತದೆ, ಆಮೇಲೆ ಹೃದಯಕ್ಕಿಳಿಯುತ್ತದೆ. ಅಲ್ಲಿಗೆ ಇಳಿದದ್ದು ಹೊರಗಿನಿಂದ ತಿಳಿಯುವುದೇ ಇಲ್ಲ. ಚೆಂಡಾಡುತ್ತಿದ್ದ ಹುಡುಗ ಒಂದು ದಿನ ಮೈದಾನದಲ್ಲೇ ಕುಸಿಯುತ್ತಾನೆ. ಬೆಟ್ಟದ ಊರುಗಳಲ್ಲಿ ಇಂಥ ಮಕ್ಕಳು ಬಹಳ. ಅವರ ಹೃದಯದಲ್ಲಿ ಎಷ್ಟು ಕಬ್ಬಿಣ ಕೂತಿದೆ, ಅದು ರಕ್ತವನ್ನು ಹೇಗೆ ತಳ್ಳುತ್ತಿದೆ ಎಂದು ನೋಡಲು ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದ ಮುಂದೆ ಒಬ್ಬೊಬ್ಬರನ್ನಾಗಿ ಕರೆಸುತ್ತಿದ್ದರು.

"ಮುಗೀತಾ ಜರಡಿ?" ಎಂದ ಜೋನಿಸ್. ಮನೆಯಲ್ಲಿ ಅವನು ಅಕ್ಕನನ್ನು ಕರೆಯುವುದೇ ಹಾಗೆ. ಅವಳ ಹೊಟ್ಟೆಯ ತುಂಬ ಸೂಜಿಯ ಗುರುತುಗಳು, ಕೆಲವು ಕಡೆ ಗಂಟುಕಟ್ಟಿದ ಚರ್ಮ.

"ಹೋಗು. ಒಳಗೆ ಬಾಯಿ ಮುಚ್ಚಿಕೊಂಡಿರ್ಬೇಕು. ನಿನ್ ಕೈಲಾಗಲ್ಲ," ಎಂದಳು ವೆಲ್ಡಾ.

ಲಿಯು ಬಾಗಿಲಲ್ಲಿ ನಿಂತು ಎಲ್ಲರನ್ನೂ ಕೇಳುವ ಪ್ರಶ್ನೆಗಳನ್ನು ಕೇಳಿದ. ಜೇಬಿನಲ್ಲಿ ನಾಣ್ಯ, ಬೀಗದ ಕೈ ಇವೆಯೇ. ಮೈಯೊಳಗೆ ಎಲ್ಲಾದರೂ ಕಬ್ಬಿಣ ಇದೆಯೇ.

"ಅದನ್ನ ಹುಡುಕೋಕೇ ಅಲ್ವಾ ಅಂಕಲ್ ನೀವಿರೋದು," ಎಂದ ಜೋನಿಸ್. ಲಿಯು ನಕ್ಕು ಅವನ ಕುತ್ತಿಗೆ ಹಿಡಿದು ಒಳಗೆ ತಳ್ಳಿದ. ಮಾರ್ಸೆಲಾ ಮಾತ್ರ ನಗಲಿಲ್ಲ. ಯಂತ್ರಕ್ಕೆ ನಿಜವಾಗಿಯೂ ಎಲ್ಲ ಗೊತ್ತಾಗುತ್ತದೆಯೇ ಎಂದು ಬೆಳಗಿನಿಂದ ಮೂರನೆಯ ಸಲ ಮಗಳನ್ನು ಕೇಳಿದಳು. ಗೊತ್ತಾಗುತ್ತದೆ ಎಂದಳು ವೆಲ್ಡಾ. ಹೇಳುವಾಗ ಅಮ್ಮನ ಮುಖ ನೋಡಿದಳು.

ಅಮ್ಮ ಏಕೆ ಕೇಳುತ್ತಿದ್ದಾಳೆಂದು ಅವಳಿಗೆ ತಿಳಿದಿತ್ತು.

ಮೈಯಿಂದ ಕಬ್ಬಿಣ ತೆಗೆಯುವ ಔಷಧಿಯನ್ನು ರಾತ್ರಿಯಿಡೀ ನಿಧಾನವಾಗಿ ಬಿಡಬೇಕು. ಹೊಟ್ಟೆಯ ಚರ್ಮದಡಿ ಒಂದು ಸಣ್ಣ ಸೂಜಿ, ಅದಕ್ಕೊಂದು ನಳಿಗೆ, ನಳಿಗೆಯ ತುದಿಗೆ ಅಂಗೈಯಗಲದ ಪಂಪು. ಪಂಪುಗಳನ್ನು ಕೊಡಿಸಿದವರು ಊರಿನವರು. ಒಂದು ವರ್ಷ ಸುಗ್ಗಿಯ ಹಬ್ಬದಲ್ಲಿ ಅಕ್ಕಿಯ ಕಳ್ಳು, ಸುಟ್ಟ ಹಂದಿ, ಜೋಳ ಮಾರಿ, ಚರ್ಚಿನವರೂ ಸೇರಿ ಎರಡು ತರಿಸಿದ್ದರು. ಅಂದಿನಿಂದ ಪ್ರತಿ ಹಬ್ಬಕ್ಕೂ ಊರಿನ ಮುಖಂಡ ಅಕ್ಕ ತಮ್ಮಂದಿರನ್ನು ವೇದಿಕೆಗೆ ಹತ್ತಿಸಿ, ನೋಡಿ, ನಮ್ಮ ಮಕ್ಕಳು ಹೇಗೆ ಬೆಳೆದಿದ್ದಾರೆ ಎನ್ನುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಮುದುಕಿಯರು ವೆಲ್ಡಾಳ ಕೆನ್ನೆ ಹಿಂಡಿ ನೋಡುತ್ತಿದ್ದರು.

ಜೋನಿಸ್ ಶಾಲೆಗೆ ಸೇರಿದ ವರ್ಷ ಮಾರ್ಸೆಲಾ ಒಂದು ಪಂಪಿನ ಬಟ್ಟೆಯ ಚೀಲವನ್ನು ಒಗೆಯಲು ಸೋಪಿನ ನೀರಿಗೆ ಹಾಕಿದಳು. ಪಂಪು ಚೀಲದೊಳಗೇ ಇತ್ತು. ತೆಗೆದು ಒಲೆಯ ಮೇಲೆ ಒಣಗಿಸಿದಳು, ಅಕ್ಕಿಯಲ್ಲಿ ಹೂತಿಟ್ಟಳು, ಪೇಟೆಯ ರೇಡಿಯೋ ರಿಪೇರಿಯವನಿಗೆ ತೋರಿಸಿದಳು. ಅದು ಮತ್ತೆ ತಿರುಗಲಿಲ್ಲ. ಊರಿನವರಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಕಳ್ಳು ಬಸಿದುಕೊಟ್ಟ ಹೆಂಗಸರ ಮುಂದೆ, ನೀರಿಗೆ ಹಾಕಿ ಹಾಳುಮಾಡಿದೆ ಎನ್ನುವುದು ಹೇಗೆ? ಆಸ್ಪತ್ರೆಯವರಿಗೆ ಹೇಳಿದರೆ ನರ್ಸಿನ ಬಾಯಿಂದ ಸಂಜೆಗೇ ಊರಿಗೆ ಮುಟ್ಟುತ್ತಿತ್ತು. ನರ್ಸು ಅದೇ ಚರ್ಚಿನವಳು. ಇಬ್ಬರಿಗೂ ಒಂದನ್ನೇ ಸರದಿಯಲ್ಲಿ ಹಾಕುತ್ತೇನೆ ಎಂದುಕೊಂಡಳು. ಹೊಸದಕ್ಕೆ ಹೇಗಾದರೂ ಮಾಡೋಣ ಎಂದೂ ಅಂದುಕೊಂಡಿರಬೇಕು. ಗಂಡ ಪೂರ್ವದ ಕರಾವಳಿಯ ತಾಳೆ ತೋಟದಲ್ಲಿದ್ದ, ಹಬ್ಬಕ್ಕೆ ಬರುತ್ತಿದ್ದ, ಕುಡಿದು ಮಲಗಿ ಹೋಗುತ್ತಿದ್ದ. ಅವನಿಗೂ ತಿಳಿಯಲಿಲ್ಲ.

ಸರದಿ ಎಂದು ಶುರುವಾದದ್ದು ಸರದಿಯಾಗಿ ಉಳಿಯಲಿಲ್ಲ. ಹೆಚ್ಚಿನ ರಾತ್ರಿ ಸೂಜಿ ವೆಲ್ಡಾಳ ಹೊಟ್ಟೆಗೇ ಬಂತು. ಆಸ್ಪತ್ರೆಯವರು ಖಾಲಿ ಶೀಷೆಗಳನ್ನು ವಾಪಸು ಕೇಳುತ್ತಿದ್ದುದರಿಂದ ಜೋನಿಸನ ಪಾಲಿನ ಔಷಧಿಯನ್ನು ಮಾರ್ಸೆಲಾ ಕೋಸಿನ ಪಾತಿಗೆ ಚೆಲ್ಲಿ ಶೀಷೆ ತೊಳೆದಿಡುತ್ತಿದ್ದಳು. ವೆಲ್ಡಾ ಅದನ್ನು ಅಡುಗೆಮನೆಯ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದಳು. ನೋಡಿದಾಗಲೆಲ್ಲ ಅವಳಿಗೆ ಅನ್ನಿಸುತ್ತಿದ್ದದ್ದು ಒಂದೇ. ಅಮ್ಮನಿಗೆ ಅವನೆಂದರೆ ಮುದ್ದು. ಚುಚ್ಚುವುದೆಲ್ಲ ನನಗೆ. ಜೋನಿಸ್ ಅಂಗಿ ಬಿಚ್ಚಿ ಚೆಂಡಾಡುವಾಗ ಅವನ ನುಣ್ಣನೆಯ ಹೊಟ್ಟೆ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಔಷಧಿ ಒಳ್ಳೆಯದು ಎಂಬುದು ತಲೆಗೆ ಗೊತ್ತಿತ್ತು. ಹೊಟ್ಟೆಗೆ ಗೊತ್ತಿರಲಿಲ್ಲ.

ಒಳಗಿನಿಂದ ಯಂತ್ರದ ಸದ್ದು ಬಂತು, ನಿಂತಿತು, ಮತ್ತೆ ಬಂತು. ಜೋನಿಸನನ್ನು ಒಳಗಿಟ್ಟುಕೊಂಡದ್ದು ವೆಲ್ಡಾಳಿಗಿಂತ ಬಹಳ ಹೊತ್ತು. ಅವನು ಅಲುಗಾಡುತ್ತಿರಬೇಕೆಂದು ಮಾರ್ಸೆಲಾ ಅಂದಳು. ಬಾಗಿಲು ಅರೆ ತೆರೆದಿತ್ತು. ಗಾಜಿನ ಈಚೆ ಪರದೆಯ ಮುಂದೆ ಕೂತ ಲಿಯು ಹಿಂದಕ್ಕೊರಗಿ ಒಂದು ಚಿತ್ರವನ್ನೇ ನೋಡುತ್ತಿದ್ದ. ಆಮೇಲೆ ಫೋನೆತ್ತಿ ಯಾರಿಗೋ ಸಣ್ಣ ದನಿಯಲ್ಲಿ ಮಾತಾಡಿದ. ಸ್ವಲ್ಪ ಹೊತ್ತಿಗೆ ಡಾಕ್ಟರ್ ಹಸ್ನಿಜಾ ತಲೆವಸ್ತ್ರದ ಅಂಚನ್ನು ಒಳಗೆ ತುರುಕಿಕೊಳ್ಳುತ್ತಾ ಬೇಗಬೇಗ ಬಂದಳು. ಈ ಅಧ್ಯಯನ ನಡೆಸುತ್ತಿದ್ದವಳು ಅವಳೇ. ಹೋಗುವಾಗ ಮಾರ್ಸೆಲಾಳಿಗೆ ತಲೆಯಾಡಿಸಿದಳು. ಬಾಗಿಲು ಮುಚ್ಚಿಕೊಂಡಿತು.

ಮೂವರನ್ನೂ ಒಟ್ಟಿಗೆ ಒಳಗೆ ಕರೆದರು. ಜೋನಿಸ್ ಎದೆಗೆ ಅಂಟಿಸಿದ್ದ ಪಟ್ಟಿಯ ಅಂಟನ್ನು ಉಗುರಿನಿಂದ ಕೆರೆಯುತ್ತಾ ಕೂತ. ಡಾಕ್ಟರು ಮೊದಲು ವೆಲ್ಡಾಳ ಚಿತ್ರಗಳನ್ನು ತೋರಿಸಿದಳು. ಹೃದಯದ ಒಂದೇ ಜಾಗವನ್ನು ಒಂದರ ಹಿಂದೊಂದು ಸಾಲಾಗಿ ತೆಗೆದದ್ದು. ಕಬ್ಬಿಣವಿಲ್ಲದ ಮಾಂಸ ಸಾಲಿನ ಕೊನೆಯವರೆಗೂ ಬೂದು ಬಣ್ಣದಲ್ಲೇ ನಿಲ್ಲುತ್ತದೆ, ಕಬ್ಬಿಣ ಕೂತದ್ದು ಬೇಗ ಕಪ್ಪಾಗುತ್ತದೆ ಎಂದು ವಿವರಿಸಿದಳು. ವೆಲ್ಡಾಳದ್ದು ಕೊನೆಯವರೆಗೂ ಬೂದು. ಈ ವಯಸ್ಸಿಗೆ ಇಷ್ಟು ಚೊಕ್ಕಟ ಹೃದಯ ಈ ತಿಂಗಳಲ್ಲಿ ತಾನು ನೋಡಿಲ್ಲ ಎಂದಳು. ಮನೆಯಲ್ಲಿ ಸೂಜಿ ಹಾಕುವವರು ಯಾರು ಎಂದು ಕೇಳಿ, ಮಾರ್ಸೆಲಾ ಎಂದು ತಿಳಿದ ಮೇಲೆ ಮೆಚ್ಚಿದಳು. ಮಾರ್ಸೆಲಾ ಬುಟ್ಟಿಯ ಹಿಡಿಕೆಯನ್ನು ತಿರುಗಿಸುತ್ತಿದ್ದಳು.

ಆಮೇಲೆ ಜೋನಿಸನದ್ದು ಬಂತು. ಮೊದಲ ಚಿತ್ರ ಅಕ್ಕನದರಂತೆಯೇ ಇತ್ತು. ಎರಡನೆಯದರಲ್ಲಿ ಹೃದಯದ ಗೋಡೆ ಮಬ್ಬಾಯಿತು. ಅದರ ಮುಂದಿನದರಲ್ಲಿ ಅಲ್ಲಿ ಬರೀ ಕಪ್ಪು. ಸುತ್ತಲಿನ ಎಲ್ಲವೂ ಇನ್ನೂ ಕಾಣುತ್ತಿತ್ತು, ನಡುವೆ ಉಂಗುರದಂತೆ ಕಪ್ಪು. ಡಾಕ್ಟರು ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಹೃದಯ ಬಡಿಯತೊಡಗಿತು. ಚಿತ್ರದಲ್ಲಿ ಬೆಳ್ಳಗೆ ಕಾಣುವ ರಕ್ತ ಸುಳಿಯುತ್ತಾ ಒಳಗೆ ಬಂತು. ಗೋಡೆಗಳು ಅದನ್ನು ತಳ್ಳಿದವು, ಆದರೆ ಪೂರ್ತಿ ತಳ್ಳಲಿಲ್ಲ. ಒಂದಿಷ್ಟು ಬಿಳಿ ತಳದಲ್ಲೇ ಉಳಿದು ಸುತ್ತುತ್ತಿತ್ತು.

"ಅದು ನಂದಾ?" ಎಂದ ಜೋನಿಸ್.

ಅವನದೇ ಎಂದಳು ಡಾಕ್ಟರು. ಓಡಿದರೆ ಸುಸ್ತಾಗುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದ. ಆಮೇಲೆ, ಗೋಲ್‌ಕೀಪರಿಗೆ ಓಡುವುದೇನಿರುತ್ತದೆ ಎಂದ. ಅವನು ಗೋಲಿನಲ್ಲಿ ನಿಲ್ಲತೊಡಗಿದ್ದು ಹೋದ ವರ್ಷದಿಂದ ಎಂಬುದು ವೆಲ್ಡಾಳಿಗೆ ಆಗ ಹೊಳೆಯಿತು.

ಡಾಕ್ಟರು ಕುರ್ಚಿಯನ್ನು ಮಾರ್ಸೆಲಾಳ ಕಡೆಗೆ ತಿರುಗಿಸಿ, ಇವನಿಗೂ ಸೂಜಿ ದಿನಾ ಹಾಕುತ್ತಿದ್ದೀರಾ ಎಂದು ಕೇಳಿದಳು. ಊರಿನ ಆಸ್ಪತ್ರೆಯಲ್ಲಿ ಇಷ್ಟು ವರ್ಷ ಹೇಳಿದ್ದನ್ನೇ ಮಾರ್ಸೆಲಾ ಹೇಳಿದಳು. ಇಬ್ಬರಿಗೂ, ದಿನಾ. ತಪ್ಪಿಸಿದ್ದುಂಟೇ ಎಂದು ಮತ್ತೆ ಕೇಳಿದರೂ ಇಲ್ಲವೆಂದೇ ಅಂದಳು.

ಡಾಕ್ಟರು ನಿಟ್ಟುಸಿರು ಬಿಟ್ಟಳು. ಹಾಗಿದ್ದರೆ ಈ ಔಷಧಿ ಇವನ ಮೈಗೆ ಹಿಡಿದಿಲ್ಲ, ಮುಂದುವರಿಸಿ ಉಪಯೋಗವಿಲ್ಲ ಎಂದಳು. ಸೂಜಿ ನಿಲ್ಲಿಸಿ ಗುಳಿಗೆಯೊಂದಕ್ಕೆ ಬದಲಿಸುತ್ತೇನೆ. ಅದು ಎಲ್ಲರಿಗೂ ಆಗಿಬರುವುದಿಲ್ಲ, ಕೆಲವರಿಗೆ ರಕ್ತದ ಬಿಳಿ ಕಣ ಇಳಿದುಬಿಡುತ್ತದೆ, ವಾರವಾರವೂ ಪರೀಕ್ಷೆ ಮಾಡಿಸಬೇಕು. ಇಷ್ಟು ಕೆಟ್ಟ ಹೃದಯಕ್ಕೆ ಗುಳಿಗೆಯೊಂದೇ ಸಾಲದೆಯೂ ಹೋಗಬಹುದು. ಆದರೆ ಸೂಜಿ ಸೋತಿರುವಾಗ ನನ್ನ ಕೈಯಲ್ಲಿ ಬೇರೆ ಇಲ್ಲ. ಇಷ್ಟು ಹೇಳಿ ಬರೆಯತೊಡಗಿದಳು.

ಜೋನಿಸನಿಗೆ ಕೇಳಿಸಿದ್ದು ಒಂದೇ ಮಾತು. "ನೋಡ್ದಾ, ನಂಗೆ ಸೂಜಿ ಇಲ್ಲ," ಎಂದು ಅಕ್ಕನ ಮೊಣಕೈ ತಿವಿದ.

ವೆಲ್ಡಾ ಅಮ್ಮನನ್ನು ನೋಡಿದಳು. ಮಾತು ಅವಳ ಬಾಯಲ್ಲೇ ಇತ್ತು. ಇರುವುದು ಒಂದೇ ಪಂಪು, ಅವನಿಗೆ ಹಾಕಿಯೇ ಇಲ್ಲ. ಅಷ್ಟು ಅಂದರೆ ಸಾಕಿತ್ತು. ಆದರೆ ಅನ್ನುವುದಕ್ಕೆ ಹೊರಟಾಗ, ಅಮ್ಮ ಸಿಕ್ಕಿಬೀಳುವುದನ್ನು ನೋಡುವ ಆಸೆಯೂ ಅದರೊಳಗೆ ಇದ್ದದ್ದು ಅವಳಿಗೇ ಕಂಡಿತು. ಅದು ಕಂಡದ್ದರಿಂದ ಬಾಯಿ ತೆರೆಯಲಿಲ್ಲ. ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ಇನ್ನೊಂದು ಸಾಲು ಆದ ಮೇಲೆ ಹೇಳುತ್ತೇನೆ ಎಂದುಕೊಂಡಳು.

"ಬರೀಬೇಡಿ," ಎಂದಳು ಮಾರ್ಸೆಲಾ.

ಡಾಕ್ಟರು ತಲೆಯೆತ್ತಿದಳು.

"ಔಷಧಿದೇನೂ ತಪ್ಪಿಲ್ಲ. ಅವನಿಗೆ ಹಾಕಿಲ್ಲ."

ಪಂಪು ನೀರಿಗೆ ಬಿದ್ದದ್ದು, ಊರಿನವರು ಕೊಟ್ಟದ್ದು, ಶೀಷೆ ಚೆಲ್ಲಿದ್ದು ಎಲ್ಲವನ್ನೂ ಅವಳು ಹೇಳಿದಳು. ಅಳಲಿಲ್ಲ. ಸಂತೆಯಲ್ಲಿ ತೂಕ ಹೇಳುವ ದನಿಯಲ್ಲಿ ಹೇಳಿದಳು. ನಡುವೆ ಒಮ್ಮೆ ನಿಂತು, ವಾರಕ್ಕೊಂದು ರಾತ್ರಿಯಾದರೂ ಹಾಕಿರಬೇಕು ಎಂದಳು, ಆಮೇಲೆ ಅದೂ ಇಲ್ಲ ಅನ್ನಿಸುತ್ತದೆ ಎಂದಳು. ಡಾಕ್ಟರು ಕೂಗಾಡಬಹುದೆಂದು ವೆಲ್ಡಾ ಕಾದಳು. ಅವಳು ಕೂಗಾಡಲಿಲ್ಲ. ಬರೆದದ್ದನ್ನು ಹೊಡೆದುಹಾಕಿದಳು.

"ಒಂದೇ ಇತ್ತು ಸರಿ. ಇಬ್ರಿಗೂ ಅರ್ಧರ್ಧ ಹಾಕ್ಬೋದಿತ್ತಲ್ಲಾ. ಇವಳಿಗೊಬ್ಬಳಿಗೇ ಯಾಕೆ?"

ಮಾರ್ಸೆಲಾ ಮಗಳ ಕಡೆ ನೋಡಲಿಲ್ಲ. "ಇವಳು ಸುಮ್ನೆ ಮಲಗೋಳು," ಎಂದಳು. "ಬೆಳಗ್ಗೆಯಿಂದ ಪಾತೀಲಿ ಬಗ್ಗಿ ಬಗ್ಗಿ ನನ್ ಸೊಂಟ ಬಿದ್ದೋಗಿರ್ತಿತ್ತು. ಅವನ್ನ ಹಿಡ್ಕೊಳ್ಳೋಕೆ ಇನ್ನೊಬ್ರು ಬೇಕಿತ್ತು."

ಪರದೆಯ ಮೇಲೆ ಹೃದಯ ಬಡಿಯುತ್ತಲೇ ಇತ್ತು. ಅದನ್ನು ನಿಲ್ಲಿಸಲು ಯಾರಿಗೂ ತೋಚಿರಲಿಲ್ಲ.

"ನಾನು ಒದೀತಿದ್ದೆ," ಎಂದ ಜೋನಿಸ್. ನಗುವುದಕ್ಕೆ ನೋಡಿದ.

"ಮಕ್ಕಳು ಒದೀತಾರೆ," ಎಂದಳು ಮಾರ್ಸೆಲಾ.

ಡಾಕ್ಟರು ಬೇರೆ ಕಾಗದ ತೆಗೆದುಕೊಂಡಳು. ಇವನನ್ನು ಇವತ್ತೇ ಆಸ್ಪತ್ರೆಗೆ ಸೇರಿಸಬೇಕು. ಹಗಲೂ ರಾತ್ರಿ ಬಿಡದೆ ಅದೇ ಸೂಜಿ, ಜೊತೆಗೆ ಗುಳಿಗೆಯೂ. ಎಷ್ಟು ದಿನವೆಂದು ಹೇಳಲಾಗದು. ಔಷಧಿ ಸೋತಿಲ್ಲದಿದ್ದರೆ ಹೃದಯ ಮತ್ತೆ ಚೊಕ್ಕಟವಾಗುವುದನ್ನು ತಾನು ನೋಡಿದ್ದೇನೆ, ಆಗದ್ದನ್ನೂ ನೋಡಿದ್ದೇನೆ ಎಂದಳು. ಎರಡನೆಯದನ್ನು ಹೇಳಬಾರದಿತ್ತು ಎಂಬಂತೆ ಒಂದು ಕ್ಷಣ ತಡೆದು, ಗಂಟೆ ಒತ್ತಿದಳು.

ಜೋನಿಸನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಮೇಲಿನ ವಾರ್ಡಿಗೆ ಕರೆದೊಯ್ದರು. ತಾನು ನಡೆಯಬಲ್ಲೆ ಎಂದು ಅವನು ಎರಡು ಸಲ ಹೇಳಿದ, ಕೇಳಲಿಲ್ಲ. ಹಾಸಿಗೆ ಸಿದ್ಧವಾದ ಮೇಲೆ ಕರೆಯುತ್ತೇವೆ ಎಂದು ತಾಯಿ ಮಗಳನ್ನು ಕೆಳಗೇ ಕೂರಿಸಿದರು.

ಮಾರ್ಸೆಲಾ ಬೆಂಚಿನ ಮೇಲೆ ಬುಟ್ಟಿ ತೆರೆದು ಎಲೆಯ ಪೊಟ್ಟಣ ಬಿಚ್ಚಿದಳು. ಅನ್ನ, ನಿಂಬೆಯ ಹುಳಿಯಲ್ಲಿ ನೆನೆಸಿದ ಮೀನು, ಕಾಡುಮಾವಿನ ಉಪ್ಪಿನಕಾಯಿ. ತಿನ್ನತೊಡಗಿದಳು. ಇವಳಿಗೆ ತಿನ್ನಲು ಹೇಗಾದರೂ ಮನಸ್ಸು ಬರುತ್ತದೋ ಎಂದು ವೆಲ್ಡಾ ನೋಡಿದಳು. ಮಾರ್ಸೆಲಾ ಕತ್ತಲಲ್ಲಿ ಎದ್ದವಳು, ಆಗ ಮಧ್ಯಾಹ್ನ ದಾಟಿತ್ತು. ಹಸಿವಾಗಿತ್ತು, ಅದಕ್ಕೆ ತಿನ್ನುತ್ತಿದ್ದಳು. ಪೊಟ್ಟಣವನ್ನು ಮಗಳ ಕಡೆ ಸರಿಸಿದಳು. ವೆಲ್ಡಾ ಮುಟ್ಟಲಿಲ್ಲ.

"ಊರಲ್ಲಿ ಪಂಪಿನ ವಿಷ್ಯ ಎತ್ಬೇಡ," ಎಂದಳು ಮಾರ್ಸೆಲಾ, ಬಾಯಲ್ಲಿ ಅನ್ನ ಇದ್ದಂತೆಯೇ.

"ಎತ್ತಿದ್ರೆ?"

"ಎತ್ತಿದ್ರೆ ಏನು. ಊರಿಗೆಲ್ಲ ಗೊತ್ತಾಗುತ್ತೆ."

ವೆಲ್ಡಾ ಕಾರಿಡಾರಿನ ಆ ತುದಿಯನ್ನು ನೋಡಿದಳು. ಅಲ್ಲೊಬ್ಬ ಹೆಂಗಸು ಮಗುವಿನ ಕಾಲಿಗೆ ಬೂಟು ಹಾಕುತ್ತಿದ್ದಳು. "ನಾನು ಇಷ್ಟು ದಿನ ಅವನೇ ನಿಂಗೆ ಮುದ್ದು ಅನ್ಕೊಂಡಿದ್ದೆ," ಎಂದಳು.

ಮಾರ್ಸೆಲಾ ಮೀನಿನ ಮುಳ್ಳೊಂದನ್ನು ಬಾಯಿಂದ ತೆಗೆದು ಎಲೆಯ ಅಂಚಿಗಿಟ್ಟಳು.

"ಅವನೇ ಮುದ್ದು," ಎಂದಳು. "ಅವನು ಅತ್ರೆ ನಂಗೆ ಆಗ್ತಿರಲಿಲ್ಲ. ಇವತ್ತೊಂದಿನ ಇರ್ಲಿ ಅಂತ ಬಿಡ್ತಿದ್ದೆ."

ಅದನ್ನು ಅವಳು ಮರೆಮಾಚುವ ಗೋಜಿಗೆ ಹೋಗಲಿಲ್ಲ. ವೆಲ್ಡಾ ಇಷ್ಟು ವರ್ಷ ಹೊತ್ತುಕೊಂಡು ಬಂದ ಸಿಟ್ಟು ಸುಳ್ಳಾಗಿರಲಿಲ್ಲ. ಅದನ್ನು ಇಡಲು ಜಾಗ ಮಾತ್ರ ಇರಲಿಲ್ಲ. ಕೈ ಅಂಗಿಯ ಮೇಲಿಂದಲೇ ಹೊಟ್ಟೆಯ ಗಂಟುಗಳನ್ನು ಮುಟ್ಟಿತು, ಮುಟ್ಟಿದ್ದು ಗೊತ್ತಾಗಿ ತೆಗೆದಳು. ಸ್ವಲ್ಪ ಹೊತ್ತಿನ ಮೇಲೆ ಪೊಟ್ಟಣವನ್ನು ಎಳೆದುಕೊಂಡು ಉಳಿದದ್ದನ್ನು ತಿಂದಳು. ಅನ್ನ ತಣ್ಣಗಾಗಿ ಉಂಡೆಗಟ್ಟಿತ್ತು.

ವಾರ್ಡಿನಲ್ಲಿ ಜೋನಿಸನಿಗೆ ಆಸ್ಪತ್ರೆಯ ಅಂಗಿ ತೊಡಿಸಿದ್ದರು. ಅದರಲ್ಲಿ ಅವನು ಇನ್ನೂ ಚಿಕ್ಕವನಂತೆ ಕಂಡ, ಪಾದಗಳು ಮಾತ್ರ ಗಂಡಸಿನವಾಗಿ ಹಾಸಿಗೆಯ ತುದಿ ದಾಟಿದ್ದವು. ಕಿಟಕಿಯಿಂದ ಸಮುದ್ರ ಕಾಣುತ್ತದೆ, ಇಲ್ಲೇ ಇರುವುದಾದರೆ ಫೋನಿನ ಚಾರ್ಜರು ಬೇಕು ಎಂದ. ಪಕ್ಕದ ಹಾಸಿಗೆಯ ಮುದುಕ ಗೊರಕೆ ಹೊಡೆಯುವುದನ್ನು ಅಣಕಿಸಿ ತೋರಿಸಿದ. ಯಾರೂ ನಗಲಿಲ್ಲ.

ನರ್ಸು ತಟ್ಟೆಯಲ್ಲಿ ಸೂಜಿ, ನಳಿಗೆ, ಹತ್ತಿ ತಂದಳು. ಎಳೆಯ ಹುಡುಗಿ. ಅಂಗಿ ಮೇಲೆತ್ತು ಎಂದಳು. ಜೋನಿಸ್ ಎತ್ತಿದ. ಅವಳು ಹೊಟ್ಟೆಯ ಮೇಲೆ ಹತ್ತಿ ಒರೆಸಿದಾಗ ಚರ್ಮ ನಡುಗಿತು. ಅವನು ಅಕ್ಕನ ಕಡೆ ತಲೆ ತಿರುಗಿಸಿದ.

"ನೀನು ಹೇಗೆ ಸುಮ್ನಿರ್ತಿದ್ದೆ?"

ವೆಲ್ಡಾ ಯೋಚಿಸಿದಳು. ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ. "ಗೊತ್ತಿಲ್ಲ," ಎಂದಳು. "ಇರ್ತಿದ್ದೆ."

ನರ್ಸು ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿದಳು. ಜೋನಿಸ್ ಕಣ್ಣು ಮುಚ್ಚಿದ, ದವಡೆ ಬಿಗಿದ. ಅಲ್ಲಿಯವರೆಗೆ ಬಾಗಿಲ ಬಳಿ ನಿಂತಿದ್ದ ಮಾರ್ಸೆಲಾ ಬುಟ್ಟಿಯನ್ನು ನೆಲಕ್ಕಿಟ್ಟು ಹಾಸಿಗೆಯ ಕಾಲ್ದೆಸೆಗೆ ಬಂದಳು. ಮಗನ ಎರಡು ಕಣಕಾಲುಗಳನ್ನೂ ಎರಡು ಕೈಯಲ್ಲಿ ಒತ್ತಿ ಹಿಡಿದಳು. ಸೂಜಿ ಒಳಗೆ ಹೋಯಿತು. ಅವನು ಅಲುಗಾಡಲಿಲ್ಲ.

ನರ್ಸು ಪಟ್ಟಿ ಅಂಟಿಸಿದಳು, ಪಂಪಿನ ಗುಂಡಿ ಒತ್ತಿದಳು, ಬಳಸಿದ ಹತ್ತಿಯನ್ನು ತಟ್ಟೆಗೆ ಹಾಕಿಕೊಂಡು ಆಯಿತು ಎಂದು ಹೇಳಿ ಹೋದಳು. ಮಾರ್ಸೆಲಾ ಕೈ ತೆಗೆಯಲಿಲ್ಲ. ಅವಳ ಉಗುರಿನ ಸಂದಿಯಲ್ಲಿ ಪಾತಿಯ ಮಣ್ಣು ಇನ್ನೂ ಇತ್ತು, ಹೆಬ್ಬೆರಳು ಒತ್ತಿದ ಕಡೆ ಅವನ ಚರ್ಮ ಬೆಳ್ಳಗಾಗಿತ್ತು.